ಪೀಣ್ಯದ ಶೆಡ್ಡು, ಧವನ್ ಮೇಷ್ಟ್ರು

ಪೀಣ್ಯ ಅಂದ್ರೆ ನಮಗೆ ಲೇತ್ ಮಷೀನ್ ಸದ್ದು, ಲಾರಿ ಧೂಳು, ಇಂಟರ್ನ್‌ಶಿಪ್ ಹುಡುಕಾಟ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಅಲ್ಲಿನ ಶೆಡ್ಡುಗಳಲ್ಲೇ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್.

ಧವನ್ ಹುಟ್ಟಿದ್ದು 1920ರಲ್ಲಿ, ಶ್ರೀನಗರದಲ್ಲಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಜೊತೆಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಬೇರೆ (ಬ್ರಾಂಚ್ ಸಿಗಲಿಲ್ಲ ಅಂತ ಅಳೋ ನಾವು ಇದನ್ನ ಗಮನಿಸಬೇಕು!). ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ 1951ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು, ಮುಂದೆ ಅದರ ನಿರ್ದೇಶಕರೂ ಆದರು. 1971ರ ಕೊನೆಗೆ ವಿಕ್ರಂ ಸಾರಾಭಾಯಿ ತೀರಿಕೊಂಡಾಗ ಇಂದಿರಾ ಗಾಂಧಿ ಇವರನ್ನು ಕರೆದರು. ಧವನ್ ಎರಡು ಷರತ್ತು ಇಟ್ಟರು: ಮುಖ್ಯ ಕಚೇರಿ ಬೆಂಗಳೂರಲ್ಲೇ ಇರಬೇಕು, ಇನ್‌ಸ್ಟಿಟ್ಯೂಟ್ ಕೆಲಸವನ್ನೂ ತಾವು ಬಿಡೋದಿಲ್ಲ.

ಪೀಣ್ಯದಲ್ಲಿ ಉಡುಪಿ ಕಡೆಯ ಯು. ಆರ್. ರಾವ್ ಅವರ ತಂಡ 1972ರಲ್ಲಿ ಕೆಲಸ ಶುರು ಮಾಡಿತು. ಬಹುತೇಕ ಎಲ್ಲರೂ ಹೊಸಬರು. 360 ಕೆ.ಜಿ. ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ನಾಲ್ಕೈದು ದಿನದಲ್ಲೇ ವಿದ್ಯುತ್ ಪೂರೈಕೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹ ಮಾತ್ರ ವರ್ಷಗಟ್ಟಲೆ ಸಂಕೇತ ಕಳಿಸುತ್ತಲೇ ಇತ್ತು. ಮುಂದಿನದನ್ನು ಕಟ್ಟೋಕೆ ಬೇಕಾದ ಪಾಠ ಸಿಕ್ಕಿತ್ತು. ಲ್ಯಾಬಲ್ಲಿ ಒಂದು ಬೋರ್ಡ್ ಸುಟ್ಟರೆ ಪಕ್ಕದವನ ಕಡೆ ಕೈ ತೋರಿಸೋದು ನಮ್ಮ ಅಭ್ಯಾಸ. ಅದಕ್ಕೇ 1979ರ ಕಥೆ ನಮಗೆ ಹೆಚ್ಚು ತಟ್ಟುತ್ತದೆ.

ಆ ವರ್ಷ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ 317 ಸೆಕೆಂಡಿಗೆ ಬಂಗಾಳ ಕೊಲ್ಲಿಗೆ ಬಿತ್ತು. ಕಾರಣ ಒಂದು ಸಣ್ಣ ಸೊಲೆನಾಯ್ಡ್ ವಾಲ್ವ್. ಕಸ ಸಿಕ್ಕಿಕೊಂಡು ಅದು ಮುಚ್ಚದೆ, ಎರಡನೇ ಹಂತವನ್ನು ನಿಯಂತ್ರಿಸುವ ವ್ಯವಸ್ಥೆಯ ಆಮ್ಲವೆಲ್ಲ ಉಡಾವಣೆಗೆ ಮುಂಚೆಯೇ ಸೋರಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಧವನ್. ತಂಡದ ಮೇಲೆ ನಂಬಿಕೆ ಇದೆ, ಮುಂದಿನ ವರ್ಷ ಗೆಲ್ಲುತ್ತೇವೆ ಅಂದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅವತ್ತು ಪತ್ರಕರ್ತರ ಮುಂದೆ ಹೋಗಲು ಹೇಳಿದ್ದು ಕಲಾಂಗೆ. ಮೇಷ್ಟ್ರು ಪಕ್ಕಕ್ಕೆ ಸರಿದರು.

1984ರಲ್ಲಿ ಇಸ್ರೋದಿಂದ ನಿವೃತ್ತರಾದ ಧವನ್ 2002ರ ಜನವರಿ 3ರಂದು ಬೆಂಗಳೂರಲ್ಲಿ ತೀರಿಕೊಂಡರು. ಶ್ರೀಹರಿಕೋಟಾ ಕೇಂದ್ರಕ್ಕೆ ಈಗ ಅವರದೇ ಹೆಸರು. ಪೀಣ್ಯದ ಆ ಹಳೇ ಜಾಗದಲ್ಲಿ 1993ರಿಂದ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಲಿಯೋಸ್ ಇದೆ. ನಕ್ಷತ್ರಗಳ ಚಿತ್ರ ತೆಗೆದು, ನೆನಪಲ್ಲಿರುವ ನಕ್ಷೆಗೆ ಹೋಲಿಸಿ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಅಂತ ಹೇಳುವ ಸ್ಟಾರ್ ಸೆನ್ಸರ್‌ಗಳು ತಯಾರಾಗೋದು ಅಲ್ಲೇ.