ಮೆಟ್ರಿಕ್ ದಾಟದ ಡಿವಿಜಿ

ಫಲಿತಾಂಶ ಬಂದ ದಿನ ನನಗೆ ‘ಇಯರ್ ಬ್ಯಾಕ್’ ಎಂದು ಖಾತ್ರಿಯಾಯಿತು. ಗೆಳೆಯರೆಲ್ಲ ಮೂರನೇ ವರ್ಷದ ಬಿ.ಇ.ಗೆ ಹೋದರು. ನಾನು ಬಾಕಿ ವಿಷಯಗಳನ್ನು ಇಟ್ಟುಕೊಂಡು ಪುಟ್ಟೇನಹಳ್ಳಿಯ ಮನೆಯಲ್ಲೇ ಉಳಿದೆ. ಕಾಲೇಜಿಗೆ ರಜೆಯಾ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯಕ್ಕೆ ಕೆರೆ ಹತ್ತಿರ ವಾಕಿಂಗ್ ಹೋಗುವುದನ್ನೂ ಬಿಟ್ಟೆ.

ಒಂದು ಸಂಜೆ ಅಪ್ಪ ಬಲವಂತವಾಗಿ ಗಾಂಧಿಬಜಾರಿಗೆ ಕರೆದೊಯ್ದರು. ಅಲ್ಲಿನ ಡಿವಿಜಿ ರಸ್ತೆಯಲ್ಲಿ ನಡೆಯುತ್ತಾ, ಈ ರಸ್ತೆ ಯಾರ ಹೆಸರಿನದೋ ಅವರು ಮೆಟ್ರಿಕ್ ಪಾಸಾಗಿರಲಿಲ್ಲ ಎಂದರು. ನಾನು ನಂಬಲಿಲ್ಲ. ಮನೆಗೆ ಬಂದು ಅವರ ಬಗ್ಗೆ ಓದಿದೆ.

ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ ಪರೀಕ್ಷೆಯಲ್ಲಿ ಫೇಲಾದ ಮೇಲೆ ಅವರ ಶಾಲೆ ಅಲ್ಲಿಗೇ ಮುಗಿಯಿತು. ಹೊಟ್ಟೆಪಾಡಿಗಾಗಿ ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲೂ ಕೆಲಸ ಮಾಡಿದರು. ಆಮೇಲೆ ಪತ್ರಿಕೆಗಳ ದಾರಿ ಹಿಡಿದು, 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಪರೀಕ್ಷೆ ಕೈಕೊಟ್ಟರೂ ಅವರು ಓದು ಬಿಡಲಿಲ್ಲ. ವಿದ್ವಾಂಸ ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳ ಬಳಿ ಶಿಷ್ಯರಾಗಿ ಕೂತು ವೇದಾಂತ ಕಲಿತರು. ಇಂಗ್ಲಿಷ್ ಸಾಹಿತ್ಯವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತವಾಗಿ ಓದಿಕೊಂಡರು. 1932ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಹೊರಬಂತು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು.

ನನ್ನನ್ನು ತುಂಬಾ ಹೊತ್ತು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಮೆಟ್ರಿಕ್ ಪಾಸಾಗದ ಇದೇ ಗುಂಡಪ್ಪ ಮೈಸೂರು ವಿಶ್ವವಿದ್ಯಾಲಯದ ಸೆನೆಟ್ ಸದಸ್ಯರಾಗಿದ್ದರು. 1961ರಲ್ಲಿ ಆ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಿ.ಲಿಟ್. ನೀಡಿತು. 1974ರಲ್ಲಿ ಪದ್ಮಭೂಷಣ ಬಂತು. ಅಭಿಮಾನಿಗಳು ಸನ್ಮಾನಿಸಿ ಒಂದು ಲಕ್ಷ ರೂಪಾಯಿ ಅರ್ಪಿಸಿದಾಗ ಅಷ್ಟನ್ನೂ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿ, ಡಿಗ್ರಿ ಇಲ್ಲದಿದ್ದರೂ ನಡೆಯುತ್ತದೆ ಎಂದುಕೊಂಡರೆ ಅದು ನನಗೆ ನಾನೇ ಮಾಡಿಕೊಳ್ಳುವ ಮೋಸ. ಕೆಲಸ ಹುಡುಕುವಾಗ ಕಂಪನಿಗಳು ಮಾರ್ಕ್ಸ್ ಕಾರ್ಡ್ ಕೇಳಿಯೇ ಕೇಳುತ್ತವೆ. ಆದರೆ ಡಿವಿಜಿಯವರಿಗೆ ಮುಚ್ಚಿಹೋದ ಬಾಗಿಲು ನನಗಿನ್ನೂ ತೆರೆದೇ ಇದೆ. ನನ್ನ ಕೈಯಲ್ಲಿ ಇಡೀ ಒಂದು ವರ್ಷವಿದೆ, ತಿಂಗಳ ಫೀಸಿನ ಚಿಂತೆ ಹೊತ್ತ ಅಪ್ಪ ಇದ್ದಾರೆ. ಹಿಂದೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಿದ್ದ ಗಣಿತವನ್ನು ಈ ಸಲ ಮೊದಲ ಅಧ್ಯಾಯದಿಂದ ಅರ್ಥಮಾಡಿಕೊಂಡು ಬಿಡಿಸುತ್ತಿದ್ದೇನೆ.

ಈಗ ಬೆಳಿಗ್ಗೆ ಮತ್ತೆ ಕೆರೆ ಕಡೆ ಹೋಗುತ್ತೇನೆ. ಮೊನ್ನೆ ಪಕ್ಕದ ಮನೆಯ ಆಂಟಿ ಕಾಲೇಜಿನ ವಿಷಯ ಕೇಳಿಯೇಬಿಟ್ಟರು. ಒಂದು ವರ್ಷ ಹಿಂದೆ ಉಳಿದೆ, ಓದುತ್ತಿದ್ದೇನೆ ಎಂದೆ. ಅವರು ತಲೆಯಾಡಿಸಿ ಮುಂದೆ ಹೋದರು. ಇಷ್ಟು ದಿನ ಹೆದರಿದ್ದು ಇಷ್ಟಕ್ಕೇನಾ ಅನ್ನಿಸಿತು.