ಧರ್ಮೋಪದೇಶಕ ಜಾನ್ ಬನ್ಯನ್

ಶರಣಸಮೂಹದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿದ್ದರು. ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿದ್ದರು. ಅನುಭಾವವನ್ನು ನುಡಿಯುವ ಅಧಿಕಾರವು ಕುಲದಿಂದಾಗಲಿ ಪದವಿಯಿಂದಾಗಲಿ ಬರತಕ್ಕದ್ದಲ್ಲವೆಂಬುದನ್ನು ಅವರು ಬದುಕಿಯೇ ತೋರಿಸಿದರು. ಅವರ ಕಾಲಕ್ಕೆ ಐದು ಶತಮಾನಗಳ ತರುವಾಯ, ದೂರದ ಇಂಗ್ಲೆಂಡಿನಲ್ಲಿ, ಬೇರೊಂದು ಮತದಲ್ಲಿ ಹುಟ್ಟಿದ ಕಾಯಕಜೀವಿಯೊಬ್ಬನು ಇದೇ ಅಧಿಕಾರಕ್ಕಾಗಿ ಹನ್ನೆರಡು ವರ್ಷ ಸೆರೆಮನೆಯಲ್ಲಿ ಕಳೆದನು. ಅವನೇ ಜಾನ್ ಬನ್ಯನ್.

ಬನ್ಯನ್ನನು 1628ರಲ್ಲಿ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೋ ಗ್ರಾಮದಲ್ಲಿ ಜನಿಸಿದನು. ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುತ್ತ ಊರೂರು ತಿರುಗುವುದು ತಂದೆಯ ಕಸುಬು; ಮಗನೂ ಅದನ್ನೇ ಕಲಿತನು. ಅರಸನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಕೆಲಕಾಲ ಪಾರ್ಲಿಮೆಂಟಿನ ಸೈನಿಕನಾಗಿದ್ದನು. ಮದುವೆಯಾದ ಮೇಲೆ ಅವನ ಅಂತರಂಗದಲ್ಲಿ ತನ್ನ ಪಾಪದ ಅಳಲು ಎದ್ದು, ವರ್ಷಗಟ್ಟಲೆ ಅವನನ್ನು ಸುಟ್ಟಿತು. ಕಡೆಗೆ ಬೆಡ್‌ಫರ್ಡಿನ ಒಂದು ಸಣ್ಣ ಭಕ್ತಮಂಡಳಿಯಲ್ಲಿ ಅವನಿಗೆ ಶಾಂತಿ ದೊರೆಯಿತು. ತನಗೆ ದೊರೆತುದನ್ನು ಇತರರಿಗೆ ಹೇಳದಿರಲಾರದೆ ಅವನು ಹೊಲಗಳಲ್ಲಿ, ಕಣಜಗಳಲ್ಲಿ, ಮನೆಗಳಲ್ಲಿ ಬೋಧಿಸತೊಡಗಿದನು. ಅವನ ಸರಳವಾದ ಮಾತನ್ನು ಕೇಳಲು ಜನರು ಗುಂಪುಗೂಡಿದರು.

1660ರಲ್ಲಿ ಎರಡನೆಯ ಚಾರ್ಲ್ಸನು ಸಿಂಹಾಸನವನ್ನೇರಿದನು. ಅದರೊಡನೆ ರಾಜಮಾನ್ಯವಾದ ಚರ್ಚಿನ ಅಧಿಕಾರವೂ ಮರಳಿ ಬಂದಿತು. ರಾಣಿ ಎಲಿಜಬೆತಳ ಕಾಲದ 1593ರ ಕಾನೂನೊಂದು ಇನ್ನೂ ಜೀವಂತವಾಗಿತ್ತು. ರಾಜಮಾನ್ಯ ಚರ್ಚಿಗೆ ಹೋಗದೆ ಪ್ರತ್ಯೇಕವಾದ ಧಾರ್ಮಿಕ ಕೂಟಗಳಲ್ಲಿ ಸೇರುವವರಿಗೆ ಸೆರೆವಾಸ. ಮೂರು ತಿಂಗಳೊಳಗೆ ಮಣಿಯದಿದ್ದರೆ ದೇಶಭ್ರಷ್ಟತೆ. ದೇಶ ಬಿಡಲೊಪ್ಪದಿದ್ದರೆ ಅಥವಾ ಅಪ್ಪಣೆಯಿಲ್ಲದೆ ಮರಳಿದರೆ ಮರಣದಂಡನೆ. ಆ ವರ್ಷದ ನವೆಂಬರ್ 12ರಂದು ಬನ್ಯನ್ನನು ಲೋಯರ್ ಸ್ಯಾಮ್ಸೆಲ್ ಎಂಬ ಹಳ್ಳಿಯಲ್ಲಿ ಬೋಧಿಸಬೇಕಾಗಿತ್ತು. ಬಂಧನದ ಆಜ್ಞೆ ಹೊರಟಿದೆಯೆಂಬ ಸುದ್ದಿ ಮುಂಚಿತವಾಗಿಯೇ ಬಂದಿತು. ತಪ್ಪಿಸಿಕೊಳ್ಳಲು ಸಮಯವಿದ್ದಿತು. ಆದರೆ ಬೋಧಕನೇ ಓಡಿದರೆ ಹೊಸದಾಗಿ ಬಂದ ದುರ್ಬಲಚಿತ್ತರ ಗತಿಯೇನೆಂದು ಯೋಚಿಸಿ ಅವನು ಅಲ್ಲಿಯೇ ನಿಂತನು. ಪ್ರಾರ್ಥನೆ ಆರಂಭವಾಗುತ್ತಿದ್ದಂತೆಯೇ ಅವನನ್ನು ಹಿಡಿದರು.

1661ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಇನ್ನು ಬೋಧಿಸುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಾಗಿತ್ತು. ಬಿಡುಗಡೆಯಾದ ಮರುದಿನವೇ ಮತ್ತೆ ಬೋಧಿಸುವೆನೆಂದು ಬನ್ಯನ್ನನು ಸ್ಪಷ್ಟವಾಗಿ ತಿಳಿಸಿದನು. ನ್ಯಾಯಾಧೀಶ ಕೆಲಿಂಗನು ಅವನನ್ನು ಸೆರೆಗೆ ಕಳುಹಿಸಿದನು.

ಆಳುವವರ ಭಯವು ಕೇವಲ ನೆಪವಾಗಿರಲಿಲ್ಲ. ಅದೇ ಜನವರಿಯಲ್ಲಿ ಲಂಡನ್ನಿನಲ್ಲಿ ವೆನ್ನರನೆಂಬವನ ಮತಾವೇಶದ ಗುಂಪೊಂದು ಶಸ್ತ್ರ ಹಿಡಿದು ದಂಗೆಯೆದ್ದಿತ್ತು. ಧರ್ಮದ ಕೂಟವು ಬಂಡಾಯದ ಮರೆಯಾಗಬಹುದೆಂಬ ಶಂಕೆ ಎಲ್ಲೆಡೆಯೂ ಇದ್ದಿತು. ಏಪ್ರಿಲಿನಲ್ಲಿ ನ್ಯಾಯಾಲಯದ ಗುಮಾಸ್ತ ಕಾಬನು ಸೆರೆಮನೆಗೆ ಬಂದು, ನೆರೆಯವನಿಗೆ ಒಂಟಿಯಾಗಿ ಹಿತ ಹೇಳಲು ಅಡ್ಡಿಯಿಲ್ಲ, ಜನರನ್ನು ಕೂಡಿಸುವುದನ್ನು ಮಾತ್ರ ಬಿಡಬೇಕೆಂದು ಸೌಮ್ಯವಾಗಿಯೇ ಬೋಧಿಸಿದನು. ಒಬ್ಬನಿಗೆ ಒಳಿತನ್ನು ಹೇಳುವುದು ನ್ಯಾಯವಾದರೆ ಹಲವರಿಗೆ ಹೇಳುವುದು ಅನ್ಯಾಯವಾಗುವುದು ಹೇಗೆಂಬುದು ಬನ್ಯನ್ನನ ಪ್ರಶ್ನೆ. ದಂಗೆಯ ಶಂಕೆಗೂ ಅವನಲ್ಲಿ ಉತ್ತರವಿದ್ದಿತು. ತನ್ನ ಉಪದೇಶಗಳನ್ನೆಲ್ಲ ಬರೆದುಕೊಡಲು ಸಿದ್ಧನೆಂದೂ, ಅರಸನಿಗೆ ವಿಧೇಯನಾಗಿ ಶಾಂತಿಯಿಂದ ಬಾಳಬಯಸುವೆನೆಂದೂ ಅವನು ತಿಳಿಸಿದನು. ಅಂತಃಸಾಕ್ಷಿ ಒಪ್ಪಿದಲ್ಲಿ ಕಾನೂನನ್ನು ನಡೆಸುವುದು, ಒಪ್ಪದಲ್ಲಿ ಎದುರೇಟು ಕೊಡದೆ ಶಿಕ್ಷೆಯನ್ನು ಅನುಭವಿಸುವುದು, ಎರಡೂ ವಿಧೇಯತೆಯೇ ಎಂಬುದು ಅವನ ನಿಲುವಾಗಿತ್ತು.

ಈ ನಿಲುವಿನ ಬೆಲೆಯನ್ನು ತೆತ್ತವನು ಅವನೊಬ್ಬನೇ ಅಲ್ಲ. ಮೊದಲ ಹೆಂಡತಿ ನಾಲ್ಕು ಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಳು; ಅವರಲ್ಲಿ ಹಿರಿಯಳಾದ ಮೇರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಎರಡನೆಯ ಹೆಂಡತಿ ಎಲಿಜಬೆತಳು ಬಂಧನದ ಸುದ್ದಿಯ ಆಘಾತದಿಂದ ದಿನ ತುಂಬದೆ ಹೆತ್ತು, ಆ ಕೂಸನ್ನು ಕಳೆದುಕೊಂಡಳು. ಆದರೂ ಆಕೆ ಧೃತಿಗೆಡಲಿಲ್ಲ. ಆಗಸ್ಟಿನಲ್ಲಿ ಬೆಡ್‌ಫರ್ಡಿಗೆ ಬಂದ ನ್ಯಾಯಾಧೀಶರ ಮುಂದೆ ನಿಂತು ಗಂಡನ ಪರವಾಗಿ ವಾದಿಸಿದಳು. ಬಡವನೆಂದೂ ಪಾತ್ರೆ ಬೆಸೆಯುವವನೆಂದೂ ಅವನಿಗೆ ನ್ಯಾಯ ದೊರೆಯುತ್ತಿಲ್ಲವೆಂದು ನಿರ್ಭಯವಾಗಿ ನುಡಿದಳು. ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶನು ಮರುಕಗೊಂಡು ಮುಂದಿನ ದಾರಿಗಳನ್ನು ತಿಳಿಸಿದನೇ ಹೊರತು ಬಿಡುಗಡೆ ಮಾಡಿಸಲಾರದೆ ಹೋದನು. ಕುರುಡು ಮಗಳ ನೆನಪು ಬಂದಾಗಲೆಲ್ಲ ಬನ್ಯನ್ನನಿಗೆ ತನ್ನ ಎಲುಬಿನಿಂದ ಮಾಂಸವನ್ನು ಕಿತ್ತಂತಾಗುತ್ತಿತ್ತು. ತನ್ನ ಮನೆಯನ್ನು ತಾನೇ ಹೆಂಡತಿಮಕ್ಕಳ ತಲೆಯ ಮೇಲೆ ಕೆಡವುತ್ತಿರುವೆನೆಂದು ಅವನು ಮರುಗಿದನು. ಸೆರೆಯಲ್ಲಿ ಉದ್ದನೆಯ ಲಾಡಿಗಳಿಗೆ ಲೋಹದ ಮೊನೆ ಕಟ್ಟಿ ಮಾರಿ ಅವರನ್ನು ಸಾಕಿದನು. ನಡುವೆ ಬರೆಯುತ್ತಲೂ ಇದ್ದನು. ಆತ್ಮಕಥನವು 1666ರಲ್ಲಿ ಪ್ರಕಟವಾಯಿತು.

1672ರಲ್ಲಿ ಅರಸನು ಭಿನ್ನಮತದವರಿಗೆ ರಿಯಾಯಿತಿಯ ಘೋಷಣೆ ಹೊರಡಿಸಿದನು. ಬನ್ಯನ್ನನು ಬಿಡುಗಡೆ ಹೊಂದಿ, ಲೈಸೆನ್ಸು ಪಡೆದು, ಬೆಡ್‌ಫರ್ಡಿನ ಸಭೆಗೆ ಗುರುವಾದನು. ಆದರೆ ಅರಸನ ಕೃಪೆ ಸ್ಥಿರವಾದ ಕಾನೂನಲ್ಲ. ಮರುವರ್ಷವೇ ಆ ಘೋಷಣೆ ರದ್ದಾಯಿತು. ಅವನು ಮತ್ತೊಮ್ಮೆ ಸುಮಾರು ಆರು ತಿಂಗಳು ಸೆರೆಯನ್ನು ಕಂಡನು. 1678ರಲ್ಲಿ ಹೊರಬಂದ ಅವನ ಯಾತ್ರಿಕನ ಕಥೆಯು ಲೋಕಪ್ರಸಿದ್ಧವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯಾತ್ರಿಕನ ಸಂಚಾರವೆಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು.

1688ರಲ್ಲಿ, ಮುನಿದ ತಂದೆಮಕ್ಕಳನ್ನು ಒಂದುಗೂಡಿಸಲು ರೆಡಿಂಗ್ ಪಟ್ಟಣಕ್ಕೆ ಹೋಗಿ, ಲಂಡನ್ನಿಗೆ ಬರುವಾಗ ಮಳೆಯಲ್ಲಿ ತೊಯ್ದು ಜ್ವರ ಹಿಡಿದು, ಆಗಸ್ಟ್ 31ರಂದು ಬನ್ಯನ್ನನು ತೀರಿಕೊಂಡನು. ಮರುವರ್ಷ ಪಾರ್ಲಿಮೆಂಟು ಸಹಿಷ್ಣುತೆಯ ಶಾಸನವನ್ನು ಅಂಗೀಕರಿಸಿತು. ಪ್ರಮಾಣವಚನ ಸ್ವೀಕರಿಸಿದ ಪ್ರಾಟೆಸ್ಟೆಂಟ್ ಭಿನ್ನಮತೀಯರು ತಮ್ಮ ಕೂಟದ ಸ್ಥಳವನ್ನು ನೋಂದಾಯಿಸಿ, ಬಾಗಿಲಿಗೆ ಅಗಣಿ ಹಾಕದೆ ಪೂಜಿಸಬಹುದಾಯಿತು. ಕ್ಯಾಥೊಲಿಕರಿಗೆ ಆ ರಕ್ಷೆ ದೊರೆಯಲಿಲ್ಲ. ಆದರೂ ಕೂಟವೇ ಅಪರಾಧವೆಂಬ ಹಳೆಯ ತತ್ತ್ವವು ಅಲ್ಲಿ ಸಡಿಲಿತು. ಬಾಗಿಲು ತೆರೆದಿರಲೆಂಬ ನಿಯಮವು, ಉಪದೇಶವನ್ನು ಬರೆದುಕೊಡುವೆನೆಂದ ಬನ್ಯನ್ನನ ಮಾತಿಗೆ ದೂರವಾದುದೇನೂ ಅಲ್ಲ.

ಭಾರತದ ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟು, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಮೇರೆಯನ್ನು ಹಾಕಿದೆ. ತನ್ನ ಧರ್ಮದ ತತ್ತ್ವವನ್ನು ವಿವರಿಸಿ ಹರಡುವ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ನುಡಿಯುವವನ ಅಂತಃಸಾಕ್ಷಿಗೆ ಇರುವ ಗೌರವವು ಕೇಳುವವನ ಅಂತಃಸಾಕ್ಷಿಗೂ ಸಲ್ಲಬೇಕು. ಅನ್ಯಮತದವನು ಸಂತೆಯಲ್ಲಿ ನಿಂತು ಶಾಂತವಾಗಿ ನುಡಿದಾಗ ಒಪ್ಪದಿರುವ ಸ್ವಾತಂತ್ರ್ಯ ಸದ್ಭಕ್ತರಿಗೆ ಉಂಟು. ಅವನ ಬಾಯಿ ಮುಚ್ಚಿಸಬಯಸುವವರು ಮಾತ್ರ, ಮಠದ ಅಂಗಳದಲ್ಲಿ ನಡೆಯುವ ಪ್ರವಚನಕ್ಕೂ ಅದೇ ಕಾನೂನಿನ ನೆರಳಿದೆಯೆಂಬುದನ್ನು ಮರೆಯಲಾಗದು.