ಎಂಜಿನಿನ ಸದ್ದಡಗಿಸಿದ ಥಾಮಸ್ ಮಿಡ್ಜ್ಲಿ

ಹಳೆಯ ಪೆಟ್ರೋಲು ಕಾರೋ ಜೀಪೋ ಇರುವ ಮನೆಯವರಿಗೆ ಒಂದು ಸದ್ದಿನ ಪರಿಚಯ ಚೆನ್ನಾಗಿ ಉಂಟು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಮನೆಮಂದಿಯ ಹಾಗೂ ಸಾಮಾನಿನ ಭಾರ ಹೊತ್ತು ಹತ್ತುವಾಗ, ತಗಡಿನ ಡಬ್ಬಿಯಲ್ಲಿ ಕಲ್ಲುಹರಳು ಹಾಕಿ ಕುಲುಕಿದಂತೆ ಎಂಜಿನಿನೊಳಗಿಂದ ಟಕಟಕ ಸದ್ದು ಕೇಳಿಸುತ್ತದೆ. ವರ್ಕ್‌ಶಾಪಿನವರು ಅದನ್ನು ನಾಕಿಂಗ್ ಎನ್ನುತ್ತಾರೆ. ಪೆಟ್ರೋಲು ಪಂಪಿನಲ್ಲಿ ಇಂದು ನಾವು ಕಾಣುವ 91, 95 ಎಂಬ ಅಂಕೆಗಳ ಮೂಲ ಈ ಸದ್ದಿನಲ್ಲಿದೆ. ಅದನ್ನು ಅಡಗಿಸಿ ಜಗತ್ಪ್ರಸಿದ್ಧರಾದ ಮತ್ತು ಅದರಿಂದಲೇ ಮುಂದೆ ಅಪಕೀರ್ತಿಗೂ ಗುರಿಯಾದ ಅಮೇರಿಕದ ಥಾಮಸ್ ಮಿಡ್ಜ್ಲಿಯವರ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಸದ್ದಿನ ಕಾರಣವನ್ನು ತಿಳಿಯೋಣ. ಎಂಜಿನಿನ ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಪ್ಲಗ್ಗಿನ ಕಿಡಿ ತಗಲಿದೊಡನೆ ಬೆಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಹರಡಬೇಕು. ಆದರೆ ಒತ್ತಡ ಮತ್ತು ಶಾಖ ಮಿತಿಮೀರಿದರೆ, ಬೆಂಕಿ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ಸಿಡಿತವೇ ನಾಕಿಂಗ್. ಬಹಳ ದಿನ ಹೀಗೇ ನಡೆದರೆ ಪಿಸ್ಟನ್ ಸೀಳುವುದೂ ಉಂಟು. ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಆ ಅದುಮನ್ನು ಸಹಿಸುವ ಶಕ್ತಿ ಪೆಟ್ರೋಲಿಗೆ ಇರಬೇಕು. ಇಪ್ಪತ್ತನೆಯ ಶತಮಾನದ ಆರಂಭದ ಪೆಟ್ರೋಲಿಗೆ ಅದು ಇರಲಿಲ್ಲ.

ಮಿಡ್ಜ್ಲಿಯವರು 1889ರ ಮೇ 18ರಂದು ಪೆನ್ಸಿಲ್ವೇನಿಯಾ ಸಂಸ್ಥಾನದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಹೆಸರೂ ಥಾಮಸ್ ಮಿಡ್ಜ್ಲಿಯೇ. ಅವರು ಮೋಟಾರು ಚಕ್ರ ಮತ್ತು ಟಯರುಗಳ ಸುಧಾರಣೆಯಲ್ಲಿ ತೊಡಗಿದ್ದ ಸಂಶೋಧಕರು. ಮಗ ಬೆಳೆದದ್ದು ಒಹಾಯೋದ ಕೊಲಂಬಸ್ ನಗರದಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಮುಂದೆ ರಸಾಯನಶಾಸ್ತ್ರದಲ್ಲಿ ಇಷ್ಟೊಂದು ಹೆಸರು ಗಳಿಸಿದವರು ಕಾಲೇಜಿನಲ್ಲಿ ಓದಿದ್ದು ಯಂತ್ರಗಳ ವಿಷಯವನ್ನು. 1916ರಲ್ಲಿ ಅವರು ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸಂಶೋಧನಾಲಯವನ್ನು ಸೇರಿದರು. ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟವನ್ನು ತಪ್ಪಿಸಿದ ಸೆಲ್ಫ್ ಸ್ಟಾರ್ಟರನ್ನು ಮೋಟಾರು ಕಾರಿಗೆ ಕೊಟ್ಟವರು ಈ ಕೆಟರಿಂಗ್. ನಾಕಿಂಗಿಗೆ ತಮ್ಮ ಇಗ್ನಿಷನ್ ವ್ಯವಸ್ಥೆಯೇ ಕಾರಣವೆಂಬ ದೂರು ಅವರನ್ನು ಕಾಡುತ್ತಿತ್ತು. ಅದರ ನಿಜವಾದ ಕಾರಣ ಹುಡುಕುವ ಕೆಲಸ ಹೊಸ ಎಂಜಿನಿಯರರ ಪಾಲಿಗೆ ಬಂತು.

ಆರಂಭದ ಊಹೆ ವಿಚಿತ್ರವಾಗಿತ್ತು. ಚಳಿಗಾಲದಲ್ಲೇ ಹೂಬಿಡುವ ಒಂದು ಕಾಡುಬಳ್ಳಿಯ ಎಲೆಯ ಬೆನ್ನು ಕೆಂಪಗಿರುತ್ತದೆ; ಕೆಂಪು ಬಣ್ಣ ಶಾಖವನ್ನು ಬೇಗ ಹೀರಿಕೊಳ್ಳುವುದರಿಂದಲೇ ಹಾಗಿರಬಹುದು, ಪೆಟ್ರೋಲಿಗೂ ಕೆಂಪು ಬಣ್ಣ ಬೆರೆಸಿದರೆ ಅದು ಚೆನ್ನಾಗಿ ಆವಿಯಾಗಿ ಸದ್ದು ನಿಲ್ಲಬಹುದು ಎಂದು ಇಬ್ಬರೂ ಯೋಚಿಸಿದರು. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೈಗೆ ಸಿಗಲಿಲ್ಲ. ಸಿಕ್ಕಿದ ಅಯೋಡಿನನ್ನೇ ಮಿಡ್ಜ್ಲಿ ಬೆರೆಸಿದರು. ಸದ್ದು ನಿಂತಿತು! ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ತರಿಸಿ ಹಾಕಿದರೆ ಏನೂ ಫಲವಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತಗಳು ಫಲ ಕೊಟ್ಟವು. ಊಹೆ ಸುಳ್ಳಾಯಿತು, ದಾರಿ ಮಾತ್ರ ಸಿಕ್ಕಿತು. ಪೆಟ್ರೋಲಿಗೆ ಅಲ್ಪಸ್ವಲ್ಪ ಬೆರಕೆಯಿಂದಲೇ ಅದರ ಸ್ವಭಾವ ಬದಲಾಗುತ್ತದೆಂಬುದು ಖಚಿತವಾಯಿತು.

ಅಯೋಡಿನ್ ದುಬಾರಿ, ಲೋಹವನ್ನು ತಿನ್ನುವ ಗುಣವೂ ಅದಕ್ಕಿತ್ತು. ಅನಂತರ ಅನಿಲಿನ್, ಸೆಲೆನಿಯಂ, ಟೆಲ್ಯುರಿಯಂ ಹೀಗೆ ಒಂದೊಂದಾಗಿ ಪರೀಕ್ಷೆ ನಡೆಯಿತು. ಟೆಲ್ಯುರಿಯಮ್ಮಿನ ಬೆಳ್ಳುಳ್ಳಿಯಂತಹ ದುರ್ವಾಸನೆ ಬಟ್ಟೆಗಂಟಿದರೆ ತೊಳೆದರೂ ಹೋಗುತ್ತಿರಲಿಲ್ಲ. ಮೂಲವಸ್ತುಗಳ ಪಟ್ಟಿಯಲ್ಲಿ ಅಂಕಣ ಹಿಡಿದು ಕೆಳಗಿಳಿಯುತ್ತ ಹೋದ ಮಿಡ್ಜ್ಲಿ, ಕೊನೆಗೆ ಸೀಸದ ಬಳಿ ನಿಂತರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಎಂಜಿನಿಗೆ ಕೊಟ್ಟು ನೋಡಿದರು. ಸಾವಿರಕ್ಕೂ ಮಿಕ್ಕಿದ ಪಾಲು ಪೆಟ್ರೋಲಿಗೆ ಒಂದೇ ಪಾಲು ಬೆರೆಸಿದರೂ ನಾಕಿಂಗ್ ಮಾಯವಾಯಿತು.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಸೀಸ ಸಿಗುವ ಮೊದಲೇ ಮಿಡ್ಜ್ಲಿಯವರಿಗೆ ಇನ್ನೊಂದು ಮದ್ದು ಗೊತ್ತಿತ್ತು. ಅದು ಆಲ್ಕೋಹಾಲ್, ಅಂದರೆ ಇಂದು ನಾವು ಎಥನಾಲ್ ಎಂದು ಕರೆಯುವ ಮದ್ಯಸಾರ. ಅದನ್ನು ಬೆರೆಸಿದ ಪೆಟ್ರೋಲಿನಿಂದ ಅವರು ಸ್ವತಃ ಕಾರು ಓಡಿಸಿ, ನಾಕಿಂಗ್ ನಿಲ್ಲುವುದನ್ನು ಕಂಡಿದ್ದರು. ಆದರೆ ಅದು ನೂರಕ್ಕೆ ಹತ್ತು, ಇಪ್ಪತ್ತು, ಮೂವತ್ತು ಪಾಲು ಬೇಕು. ಸೀಸವಾದರೋ ಚಮಚದ ಲೆಕ್ಕ. ಮದ್ಯಸಾರವನ್ನು ಯಾವ ಬೆಳೆಗಾರನೂ ತಯಾರಿಸಬಹುದು, ಅದರ ಮೇಲೆ ಪೇಟೆಂಟ್ ಹಕ್ಕು ದೊರೆಯುವಂತಿಲ್ಲ. ಸೀಸದ ಬೆರಕೆಗೆ ದೊರೆಯುತ್ತದೆ. ಸೀಸ ವಿಷವೆಂಬುದು ಆಗ ಹೊಸ ವಿಷಯವಾಗಿರಲಿಲ್ಲ. ಪುರಾತನ ಕಾಲದಿಂದಲೂ ವೈದ್ಯರು ಅದನ್ನು ಬಲ್ಲರು. ವಿಜ್ಞಾನಿಗಳು ಮಿಡ್ಜ್ಲಿಯವರಿಗೆ ಪತ್ರ ಬರೆದು ಎಚ್ಚರಿಸಿದ್ದೂ ಉಂಟು. 1923ರ ಆರಂಭದಲ್ಲಿ ಅವರಿಗೇ ಸೀಸದ ವಿಷ ತಗಲಿ, ಕೆಲಸ ಬಿಟ್ಟು ಫ್ಲಾರಿಡಾಕ್ಕೆ ವಿಶ್ರಾಂತಿಗೆ ಹೋಗಬೇಕಾಯಿತು. ಆದರೂ ಅದೇ ವರ್ಷದ ಫೆಬ್ರವರಿ 2ರಂದು ಡೇಟನ್ನಿನಲ್ಲಿ ಸೀಸದ ಪೆಟ್ರೋಲಿನ ಮಾರಾಟ ಪ್ರಾರಂಭವಾಯಿತು. ಮಾರಾಟದ ಹೆಸರು ಈಥೈಲ್. ಸೀಸವೆಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂ ಜೆರ್ಸಿಯ ಸ್ಟಾಂಡರ್ಡ್ ಆಯಿಲ್ ಸೇರಿ ಇದಕ್ಕಾಗಿಯೇ ಒಂದು ಕಂಪೆನಿಯನ್ನು ಸ್ಥಾಪಿಸಿದವು. ಮಿಡ್ಜ್ಲಿ ಅದರ ಉಪಾಧ್ಯಕ್ಷರಾದರು. ಆ ವರ್ಷದ ಅಕ್ಟೋಬರದಲ್ಲಿ ನ್ಯೂ ಜೆರ್ಸಿಯ ಕಾರ್ಖಾನೆಯಲ್ಲಿ ಸೀಸದ ದ್ರವ ತಯಾರಿಸುತ್ತಿದ್ದ ಕೆಲಸಗಾರರು ಬುದ್ಧಿಭ್ರಮಣೆಗೊಳಗಾಗಿ, ಹುಚ್ಚೆದ್ದವರಂತೆ ಆಗಿ, ಐವರು ಸತ್ತರು. ದೇಶದಲ್ಲಿ ಕೋಲಾಹಲವೆದ್ದಿತು. ಅಕ್ಟೋಬರ್ 30ರಂದು ಮಿಡ್ಜ್ಲಿ ಪತ್ರಕರ್ತರನ್ನು ಕರೆದು, ಅವರ ಮುಂದೆಯೇ ಆ ದ್ರವದಿಂದ ಕೈ ತೊಳೆದು, ಒಂದು ನಿಮಿಷ ಕಾಲ ಅದರ ಆವಿಯನ್ನು ಮೂಸಿ, ಅಪಾಯವೇನೂ ಇಲ್ಲವೆಂದು ತೋರಿಸಲು ಹೊರಟರು. ತಮ್ಮ ಮೈಮೇಲೆಯೇ ಪರಿಣಾಮವನ್ನು ಕಂಡವರು ಇದನ್ನು ಮಾಡಿದರೆಂಬುದನ್ನು ನಾವು ಮರೆಯಲಾಗದು. 1925ರ ಮೇ ತಿಂಗಳಲ್ಲಿ ಮಾರಾಟ ನಿಂತು, ಸರಕಾರ ಸಭೆ ಕರೆಯಿತು. ಕಾರ್ಮಿಕರ ಆರೋಗ್ಯದ ತಜ್ಞೆ ಆಲಿಸ್ ಹ್ಯಾಮಿಲ್ಟನ್ ಮೊದಲಾದವರು ವಿರೋಧಿಸಿದರು. ಆದರೆ ಕೆಲವು ತಿಂಗಳುಗಳ ಪರೀಕ್ಷೆ ನಡೆಸಿದ ಸಮಿತಿ, ನಿಷೇಧಿಸಲು ಸಾಕಷ್ಟು ಆಧಾರವಿಲ್ಲವೆಂದಿತು. ಹತ್ತಿಪ್ಪತ್ತು ವರ್ಷಗಳಲ್ಲಿ ಮೈಯೊಳಗೆ ಸೇರುವ ವಿಷವನ್ನು ಕೆಲವೇ ತಿಂಗಳುಗಳಲ್ಲಿ ಅಳೆಯಲಾಗಿತ್ತು. 1926ರಲ್ಲಿ ಮಾರಾಟ ಮತ್ತೆ ಆರಂಭವಾಯಿತು.

ಪೆಟ್ರೋಲಿನ ಸಹನಶಕ್ತಿಗೆ ಅಳತೆಗೋಲು ಬಂದದ್ದೂ ಆ ಕಾಲದಲ್ಲೇ. ಅದೇ ಕಂಪೆನಿಯ ಗ್ರಹಾಂ ಎಡ್ಗರ್, ಸುಲಭವಾಗಿ ನಾಕ್ ಆಗದ ಐಸೋಆಕ್ಟೇನಿಗೆ 100 ಎಂದೂ, ಬೇಗನೆ ನಾಕ್ ಆಗುವ ಹೆಪ್ಟೇನಿಗೆ ಸೊನ್ನೆ ಎಂದೂ ಅಂಕ ಕೊಟ್ಟರು. 91 ಆಕ್ಟೇನ್ ಎಂದರೆ, 91 ಪಾಲು ಐಸೋಆಕ್ಟೇನಿಗೆ 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ಅದುಮನ್ನು ಆ ಪೆಟ್ರೋಲು ತಾಳುತ್ತದೆ ಎಂದರ್ಥ.

ಮಿಡ್ಜ್ಲಿಯವರ ಸಾಧನೆ ಅಷ್ಟಕ್ಕೇ ನಿಲ್ಲಲಿಲ್ಲ. ಆಗಿನ ತಂಗಳುಪೆಟ್ಟಿಗೆಗಳಲ್ಲಿ ವಿಷಾನಿಲ ಸೋರಿ ಪ್ರಾಣಾಪಾಯವಾಗುತ್ತಿದ್ದುದನ್ನು ತಪ್ಪಿಸಲು ಅವರು ಫ್ರಿಯಾನನ್ನು ರೂಪಿಸಿದರು. 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಉರಿಯುವ ಮೇಣದಬತ್ತಿಯನ್ನು ಆರಿಸಿ, ಅದು ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲವೆಂದು ತೋರಿಸಿದರು. ಈ ಬಾರಿ ಅವರು ತೋರಿಸಿದ್ದು ನಿಜವಾಗಿತ್ತು. ಅದು ಮೇಲೇರಿ ಭೂಮಿಯ ಓಝೋನ್ ಪದರವನ್ನು ಸವೆಸುತ್ತದೆಂಬುದು 1974ರವರೆಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಜೀವಮಾನದಲ್ಲಿ ಎರಡು ಬಾರಿ ಇಡೀ ಜಗತ್ತಿನ ಗಾಳಿಯನ್ನು ಬದಲಿಸಿದವರು ಇವರಲ್ಲದೆ ಬೇರೆ ಯಾರೂ ನಮಗೆ ನೆನಪಾಗುವುದಿಲ್ಲ.

1940ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಅವರಿಗೆ ಪೋಲಿಯೋ ತಗಲಿ ಕಾಲುಗಳ ಬಲ ಹೋಯಿತು. ಆದರೂ ಅವರು ಕೈಕಟ್ಟಿ ಕುಳಿತವರಲ್ಲ. ಹಾಸಿಗೆಯಿಂದ ತಮ್ಮನ್ನು ಎತ್ತಿ ಕೂರಿಸಲು ಹಗ್ಗ ಮತ್ತು ರಾಟೆಗಳ ಸಾಧನವೊಂದನ್ನು ತಾವೇ ರಚಿಸಿಕೊಂಡರು. ಪ್ರಶಸ್ತಿಗಳು ಬಂದವು, 1944ರಲ್ಲಿ ಅಮೇರಿಕದ ರಾಸಾಯನಿಕ ಸಂಘದ ಅಧ್ಯಕ್ಷ ಪದವಿಯೂ ದೊರೆಯಿತು. ಅದೇ ವರ್ಷದ ನವೆಂಬರ್ 2ರಂದು ಆ ಹಗ್ಗಗಳೇ ಕುತ್ತಿಗೆಗೆ ಬಿಗಿದ ಸ್ಥಿತಿಯಲ್ಲಿ ಅವರ ಶವ ಕಂಡುಬಂತು. ಆಗ ಅವರಿಗೆ 55 ವರ್ಷ.

ಅವರು ಬಿಟ್ಟುಹೋದ ಸೀಸ ಮಾತ್ರ ರಸ್ತೆಗಳಲ್ಲಿ ಉಳಿಯಿತು. ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ, ಎಲ್ಲಿ ನೋಡಿದರೂ ಸೀಸದ ಕಲಬೆರಕೆ ಇರುವುದನ್ನು ಕಂಡು 1965ರಿಂದ ದನಿಯೆತ್ತಿದರು. ಹೊಗೆಯ ಸೀಸ ಮಕ್ಕಳ ರಕ್ತ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆಂಬುದು ಕ್ರಮೇಣ ಸಿದ್ಧವಾಯಿತು. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲು 1995ರ ಏಪ್ರಿಲ್ 1ರಂದು ನಾಲ್ಕು ಮಹಾನಗರಗಳಿಗೆ ಬಂತು. ದೇಶಕ್ಕೆಲ್ಲ ಬಂದದ್ದು 2000ದ ಫೆಬ್ರವರಿ 1ರಂದು. ಅದರ ಹಿಂದಿನ ವರ್ಷವಷ್ಟೇ ಬೆಂಗಳೂರಿನಲ್ಲಿ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಆ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿದಾಗ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸವು ಅಂದಿನ ಅಪಾಯದ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. ಪೆಟ್ರೋಲೊಂದೇ ಕಾರಣವಲ್ಲ, ಬಣ್ಣ, ಬ್ಯಾಟರಿಗಳ ಪಾಲೂ ಇದೆ. ಆದರೆ ಹಾದಿಬೀದಿಗೆಲ್ಲ ಅದನ್ನು ಒಯ್ದದ್ದು ಪೆಟ್ರೋಲು. ಜಗತ್ತಿನಲ್ಲಿ ಮೋಟಾರು ವಾಹನಗಳಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ; ಅಲ್ಲಿ ಅದು ನಿಂತದ್ದು 2021ರಲ್ಲಿ.

ಈಗ ಹಳೆಯ ಗಾಡಿಯನ್ನು ಇನ್ನೂ ಪ್ರೀತಿಯಿಂದ ಸಾಕುತ್ತಿರುವ ನಮ್ಮ ಓದುಗರಿಗೆ ಎರಡು ಮಾತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಪೆಟ್ರೋಲು ಜೀಪುಗಳ ಎಂಜಿನು ಮಿಶ್ರಣವನ್ನು ಅದುಮುವುದು ಏಳೆಂಟು ಪಟ್ಟಿನ ಆಸುಪಾಸಿನಲ್ಲಿ. ಇಂದಿನ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಆಕ್ಟೇನಿಗೇ ಅವು ಹೊಂದಿಕೊಂಡಿದ್ದವು. ಆದುದರಿಂದ ಹೆಚ್ಚು ಬೆಲೆಯ ಪ್ರೀಮಿಯಂ ಪೆಟ್ರೋಲು ಹಾಕಿದರೆ ಮುದಿ ಎಂಜಿನಿಗೆ ಯೌವನ ಬರುವುದಿಲ್ಲ. ಆಕ್ಟೇನ್ ಎಂಬುದು ಶಕ್ತಿಯ ಅಳತೆಯೆಂದು ಹಲವರು ತಿಳಿದಿದ್ದಾರೆ. ಅದು ತಾಳ್ಮೆಯ ಅಳತೆ ಮಾತ್ರ. ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಿದ್ದರೆ ಸಾಕು. ಅಷ್ಟಿದ್ದೂ ಘಾಟಿಯಲ್ಲಿ ಸದ್ದು ಕೇಳಿದರೆ ಇಗ್ನಿಷನ್ ಟೈಮಿಂಗ್, ಸಿಲಿಂಡರಿನ ಕರಿ, ರೇಡಿಯೇಟರಿನ ನೀರು ಇವನ್ನು ಮೆಕ್ಯಾನಿಕನಿಂದ ನೋಡಿಸಬೇಕು. ಸೀಸವು ಎಂಜಿನಿಗೆ ಒಂದು ಉಪಕಾರ ಮಾಡುತ್ತಿತ್ತು: ಎಗ್ಸಾಸ್ಟ್ ವಾಲ್ವಿನ ಪೀಠಕ್ಕೆ ತೆಳುವಾಗಿ ಅಂಟಿ ಸವೆತ ತಡೆಯುತ್ತಿತ್ತು. ಅದಕ್ಕೆ ಪರಿಹಾರ, ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಪೀಠ ಹಾಕಿಸುವುದು.

ಮಿಡ್ಜ್ಲಿ ಬದಿಗಿಟ್ಟ ಮದ್ಯಸಾರ ನೂರು ವರ್ಷಗಳ ಮೇಲೆ ಹಿಂದಿರುಗಿದೆ. 1948ರಷ್ಟು ಹಿಂದೆಯೇ ಪವರ್ ಆಲ್ಕೋಹಾಲ್ ಕಾಯಿದೆ ಮಾಡಿದ್ದ ನಮ್ಮ ದೇಶದಲ್ಲಿ, 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಸೇರಿದೆ. ಬತ್ತೇರಿಯಲ್ಲಿ ತುಂಬಿಸಿದರೂ, ದರ ನೋಡಿ ಗುಂಡ್ಲುಪೇಟೆಯಲ್ಲಿ ತುಂಬಿಸಿದರೂ ದೊರೆಯುವುದು ಅದೇ. ಇದರಿಂದ ಆಕ್ಟೇನ್ 95ಕ್ಕೆ ಏರಿದೆಯೆಂದು ಕೇಂದ್ರ ಸರಕಾರ ಹೇಳಿದೆ. ನಾಕಿಂಗಿನ ಭಯ ಇನ್ನೂ ಕಡಿಮೆ. ಆದರೆ ಇದಕ್ಕಾಗಿ ತಯಾರಾಗದ ಕಾರುಗಳ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ತಿಳಿಸಿತ್ತು. ಎಥನಾಲ್ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್, ಕಾರ್ಬ್ಯುರೇಟರಿನ ವಾಷರುಗಳನ್ನು ಮೆತ್ತಗಾಗಿಸಬಹುದು, ನೀರನ್ನೂ ಹೀರುತ್ತದೆ. ನಮ್ಮ ವಯನಾಡಿನ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲು ಇಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ, ಮದ್ಯಸಾರವೂ ನೀರೂ ಬೇರೆಯಾಗಿ ತಳ ಸೇರಿ ತುಕ್ಕಿಗೆ ಕಾರಣವಾದೀತು. ಪೈಪುಗಳನ್ನು ಬದಲಿಸಿ, ಫಿಲ್ಟರ್ ನೋಡಿಕೊಂಡು, ಗಾಡಿಯನ್ನು ಆಗಾಗ ಓಡಿಸುತ್ತಿರುವುದು ಲೇಸು.

ಮಿಡ್ಜ್ಲಿಯವರಿಗೆ ಎಂಜಿನಿನ ಭಾಷೆ ಚೆನ್ನಾಗಿ ತಿಳಿದಿತ್ತು. ಯಾವ ಪೆಟ್ರೋಲು ಬೇಕೆಂದು ಅವರು ಎಂಜಿನನ್ನು ಕೇಳಿದರು. ಆ ಹೊಗೆಯನ್ನು ಉಸಿರಾಡುವವರನ್ನು ಕೇಳಲಿಲ್ಲ. ಇಂದಿನ ಎಥನಾಲಿಗೂ ಕಬ್ಬಿನ ಗದ್ದೆಯ ನೀರು ಬೇಕು, ಮೆಕ್ಕೆಜೋಳ ಬೇಕು, ಅಕ್ಕಿ ಬೇಕು. ಅದರ ಲೆಕ್ಕವನ್ನು ರೈತನ ಮನೆಯಲ್ಲಿ ಮತ್ತು ಉಣ್ಣುವವರ ಮನೆಯಲ್ಲಿ ಕೂಡ ಕೇಳಿ ತಿಳಿಯಬೇಕಾಗಿದೆ. ಈ ಬಾರಿ ಆ ಉತ್ತರಕ್ಕೆ ಎಂಬತ್ತು ವರ್ಷ ಕಾಯುವಂತಾಗದಿರಲಿ ಎಂದು ಹಾರೈಸೋಣ.